ಮೋಟಾರ್‌ಸೈಕಲ್ ಜಿಪಿಎಸ್ ಆಂಟೆನಾ ಕಿಟ್ ಮತ್ತು ಅದರ ಕೈಪಿಡಿಯ ದೋಷಗಳ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಹೊರ ಆಂಟೆನಾ ಕಿಟ್ ಅನ್ನು ಕೈಪಿಡಿಯಲ್ಲಿ ಹೇಳಿದ ಹಾಗೆಯೇ ಬೈಕಿಗೆ ಕೂರಿಸಿದರೆ ಜಿಪಿಎಸ್ ಸಿಗ್ನಲ್ ಸುಧಾರಿಸುವ ಬದಲು ಕೆಡುತ್ತಿದೆ. ಈ ಬಗ್ಗೆ ಕೇಳಿದ್ದಕ್ಕೆ ನಿಮ್ಮಿಂದ ಬಂದದ್ದು ಒಂದೇ ಸಾಲಿನ ಉತ್ತರ: “ಆಂಪ್ಲಿಫೈಯರ್ 28 ಡೆಸಿಬೆಲ್ ಗೇನ್ ಕೊಡುತ್ತಿದೆ, ದೋಷವಿಲ್ಲ.” ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಬಲ, ಇರುವುದು ನಿಜ. ಆದರೆ ಆಂಪ್ಲಿಫೈಯರಿಗೆ ಸಿಗ್ನಲ್ ಯಾವುದು, ಗದ್ದಲ (ಬೇಡದ ವಿದ್ಯುತ್ ತರಂಗ) ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೇ ಹಿಗ್ಗಿಸುತ್ತದೆ. ಉಪಗ್ರಹದ ಸಿಗ್ನಲ್ ನೆಲಕ್ಕೆ ತಲುಪುವಾಗ ಉಳಿದಿರುವುದು ಸುಮಾರು ಮೈನಸ್ 130 ಡಿಬಿಎಂ (ಸಿಗ್ನಲಿನ ಬಲದ ಅಳತೆ). ಅಷ್ಟು ಕ್ಷೀಣವಾದದ್ದನ್ನು ಗದ್ದಲದ ಪಕ್ಕದಲ್ಲೇ ಹಿಡಿಯಿರಿ ಎನ್ನುತ್ತದೆ ನಿಮ್ಮ ಕೈಪಿಡಿ.

3ನೇ ಚಿತ್ರವನ್ನೇ ನೋಡಿ. ಮೀಟರಿನ ಮೇಲಿನ ಪ್ಲಾಸ್ಟಿಕ್ಕಿಗೆ ಆಂಟೆನಾ ಅಂಟಿಸಿದ್ದೀರಿ, ನಾಲ್ಕು ಬೆರಳು ಆಚೆಗೆ ಯುಎಸ್‌ಬಿ ಚಾರ್ಜರ್ ಇದೆ. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಆ ಸ್ವಿಚಿಂಗ್ ಸರ್ಕ್ಯೂಟಿಗೆ ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಅದರ ಗದ್ದಲ ನೇರ ಆಂಟೆನಾಕ್ಕೆ ನುಗ್ಗುತ್ತದೆ. ಪರೀಕ್ಷೆ ಸುಲಭ. ಬಯಲಲ್ಲಿ ಬೈಕ್ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೀ ಆನ್ ಇಟ್ಟು, ರಿಸೀವರಿನ ಸ್ಯಾಟಲೈಟ್ ಪುಟ ತೆರೆದುಕೊಳ್ಳಿ. ನಾವು ನೋಡಿದ ಬೈಕಿನಲ್ಲಿ ನೆತ್ತಿಯ ಮೇಲಿನ ಉಪಗ್ರಹಗಳು 38 ಡಿಬಿ-ಹರ್ಟ್ಸ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲಿನ ಬಲ, ಹೆಚ್ಚಿದ್ದಷ್ಟೂ ಒಳ್ಳೆಯದು) ತೋರಿಸುತ್ತಿದ್ದವು. ಚಾರ್ಜರಿಗೆ ಫೋನ್ ಚುಚ್ಚಿದ ತಕ್ಷಣ 31ಕ್ಕೆ ಇಳಿದವು. ಆ ಪುಟದಲ್ಲಿ ಉಪಗ್ರಹಗಳ ಬಲ ತೋರಿಸುವ ಎಲ್ಲ ಕಂಬಗಳೂ ಒಟ್ಟಿಗೆ ಕುಸಿದರೆ ಅದು ಗದ್ದಲ. ಒಂದು ದಿಕ್ಕಿನವು ಮಾತ್ರ ಕುಸಿದರೆ ಸವಾರನ ಮೈಯೋ ಲೋಹವೋ ಅಡ್ಡ ಬಂದಿದೆ ಎಂದರ್ಥ. ಈ ಎರಡು ಸಾಲು ಕೈಪಿಡಿಯಲ್ಲಿದ್ದಿದ್ದರೆ ಅರ್ಧ ದೂರುಗಳು ನಿಮ್ಮವರೆಗೆ ಬರುತ್ತಲೇ ಇರಲಿಲ್ಲ.

ಎರಡನೆಯದು ಲೋಹದ ತಗಡು. ಡಬ್ಬಿಯೊಳಗಿರುವುದು 25 ಮಿಲಿಮೀಟರ್ ಚೌಕದ ಸೆರಾಮಿಕ್ ಪ್ಯಾಚ್, ಅಂದರೆ ಸಿಗ್ನಲ್ ಹಿಡಿಯುವ ಚಪ್ಪಟೆ ಬಿಲ್ಲೆ. ಇಂಥವನ್ನು ಸಾಮಾನ್ಯವಾಗಿ 70 ಮಿಲಿಮೀಟರ್ ಚೌಕದ ಲೋಹದ ತಗಡಿನ ಮೇಲಿಟ್ಟೇ ಜಿಪಿಎಸ್ ಸಿಗ್ನಲಿನ ಆವರ್ತನವಾದ 1575.42 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡುತ್ತಾರೆ. ಬರೀ ಪ್ಲಾಸ್ಟಿಕ್ಕಿನ ಮೇಲಿಟ್ಟರೆ ಟ್ಯೂನಿಂಗ್ ಜರುಗುತ್ತದೆ, ಕೆಳಗಿನ ವೈರಿಂಗಿನ ಗದ್ದಲಕ್ಕೂ ತಡೆ ಇರುವುದಿಲ್ಲ. ಕಾರಿನ ಛಾವಣಿಯಲ್ಲಿ ಈ ತೊಂದರೆ ಬರುವುದಿಲ್ಲ, ಅಲ್ಲಿ ಛಾವಣಿಯೇ ತಗಡು. ಕಾರಿಗೆಂದು ಮಾಡಿದ್ದನ್ನು ಬೈಕಿನ ಹೆಸರಲ್ಲಿ ಮಾರುವಾಗ ಒಂದು ಸಣ್ಣ ಉಕ್ಕಿನ ತಗಡನ್ನಾದರೂ ಜೊತೆಗೆ ಹಾಕಬೇಕಿತ್ತು. ಅಲ್ಯೂಮಿನಿಯಂ ಬೇಡ, ಅದಕ್ಕೆ ನಿಮ್ಮ ಆಂಟೆನಾದ ಅಯಸ್ಕಾಂತ ಹಿಡಿಯುವುದಿಲ್ಲ. ಅದೇ ಬೈಕಿನಲ್ಲಿ ಹಿಂಬದಿ ಕ್ಯಾರಿಯರಿಗೆ ತಗಡು ಬಿಗಿದು ಆಂಟೆನಾ ಇಟ್ಟಾಗ, ಚಾರ್ಜರ್ ಆನ್ ಇದ್ದರೂ 43 ಡಿಬಿ-ಹರ್ಟ್ಸ್ ಬಂತು.

ಕೇಬಲ್ 5 ಮೀಟರ್ ಇದೆ. ಉದ್ದದಿಂದಾಗುವ ನಷ್ಟ ನಮ್ಮ ತಕರಾರಲ್ಲ. ಆಂಪ್ಲಿಫೈಯರ್ ಆಂಟೆನಾದಲ್ಲೇ ಇರುವುದರಿಂದ ಅದು ತುಂಬಿಕೊಳ್ಳುತ್ತದೆ. ತಕರಾರು ಇರುವುದು “ಮಿಕ್ಕ ಕೇಬಲನ್ನು ಸುತ್ತಿ ಟ್ಯಾಂಕಿನ ಕೆಳಗೆ ಸೇರಿಸಿ” ಎಂಬ ಸೂಚನೆಯ ಮೇಲೆ. ಬಹಳ ಬೈಕುಗಳಲ್ಲಿ ಇಂಜಿನ್ನಿಗೆ ಕಿಡಿ ಕೊಡುವ, ತಾನೇ ಗದ್ದಲ ಎಬ್ಬಿಸುವ ಇಗ್ನಿಷನ್ ಕಾಯಿಲ್ ಇರುವುದೇ ಅಲ್ಲಿ. ಇನ್ನೊಂದು, 5ನೇ ಚಿತ್ರದಲ್ಲಿ ಹ್ಯಾಂಡಲ್ ತಿರುಗುವ ಜಾಗದಲ್ಲಿ ಕೇಬಲನ್ನು ಜಿಪ್ ಟೈ ಹಾಕಿ ಬಿಗಿದಿದ್ದೀರಿ. ಪ್ರತಿ ತಿರುವಿಗೂ ಅದೇ ಬಿಂದು ಬಾಗಿ ಒಳಗಿನ ತಂತಿ ತುಂಡಾಗುತ್ತದೆ. ನಮ್ಮ ಬಳಿ ಬಂದ ಎರಡು ಕಿಟ್‌ಗಳಲ್ಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಮಾತ್ರ ಉಪಗ್ರಹಗಳು ಮಾಯವಾಗುತ್ತಿದ್ದವು. ಮೇಲಿನ ಹೊದಿಕೆಯಲ್ಲಿ ಒಂದು ಗೀರೂ ಇರಲಿಲ್ಲ. ಅಲ್ಲಿ ಸಡಿಲವಾದ ಒಂದು ಸುತ್ತು ಬಿಟ್ಟು, ಟೈಗಳನ್ನು ಅದರ ಎರಡೂ ಬದಿಗೆ ಹಾಕಬೇಕು.

ಪೆಟ್ಟಿಗೆಯ ಮೇಲೆ “ಎಲ್ಲ ಸಾಧನಗಳಿಗೂ” ಎಂದು ಅಚ್ಚು ಹಾಕಿದ್ದೀರಿ. ಇದು ಕೇಬಲಿನ ಮೂಲಕವೇ 3ರಿಂದ 5 ವೋಲ್ಟ್ ಬೇಡುವ ಆಂಟೆನಾ. ಆ ವೋಲ್ಟೇಜ್ ಕೊಡದ ರಿಸೀವರಿಗೆ ಇದರಿಂದ ಉಪಯೋಗವಿಲ್ಲ. ಮೊಬೈಲ್ ಫೋನಿಗಂತೂ ಆಂಟೆನಾ ಸಾಕೆಟ್ಟೇ ಇಲ್ಲ.

ಆದ್ದರಿಂದ ತುಂಡಾದ ಎರಡು ಆಂಟೆನಾಗಳನ್ನು ಬದಲಿಸಿ ಕೊಡಿ. ಕಿಟ್ ಕೊಂಡ ಎಲ್ಲರಿಗೂ 70 ಮಿಲಿಮೀಟರಿನ ಉಕ್ಕಿನ ತಗಡು ಕಳಿಸಿ. 2 ಮೀಟರ್ ಕೇಬಲಿನ ಕಿಟ್ ಕೂಡ ಮಾರಾಟಕ್ಕೆ ತನ್ನಿ. ಕೈಪಿಡಿಯ 3 ಮತ್ತು 5ನೇ ಚಿತ್ರಗಳನ್ನು, ಪೆಟ್ಟಿಗೆಯ ಮೇಲಿನ ಆ ಮಾತನ್ನು ತಿದ್ದಿ. ಪರೀಕ್ಷೆಯ ಫೋಟೋಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನಿಮ್ಮ ಕಿಟ್ ಅಳವಡಿಸುವ ಮೆಕ್ಯಾನಿಕ್‌ಗಳು