ಆ ಫೈಲು ಮಗಳದ್ದು

ಸಂಪಾದಕರಿಗೆ ನಮಸ್ಕಾರ,

ಬೇರೆ ದೇಶದಿಂದ ಮಗು ದತ್ತು ತಗೊಳೋರ ಕಷ್ಟದ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದ್ದೆ. ವರ್ಷಗಟ್ಲೆ ಕಾಯಿಸ್ತಾರೆ, ಕಾಗದದ ಮೇಲೆ ಕಾಗದ ಕೇಳ್ತಾರೆ, ಅಲ್ಲಿ ಮಕ್ಕಳಿಗೆ ಮನೆ ಇಲ್ಲ ಇಲ್ಲಿ ಮನೇಲಿ ಮಕ್ಕಳಿಲ್ಲ, ಮಧ್ಯ ಈ ನಿಯಮ ಎಲ್ಲ ಯಾಕೆ ಬೇಕು ಅನ್ನೋ ಧಾಟಿಲಿತ್ತು ಅದು. ಹತ್ತು ವರ್ಷದ ಹಿಂದೆ ಓದಿದ್ರೆ ನಾನೇ ಬರ್ದಿದ್ದೇನೋ ಅನ್ಕೊತಿದ್ದೆ. ನಾವೂ ಅದೇ ದಾರೀಲಿ ಹೋಗಿ ಮಗಳನ್ನ ಕರ್ಕೊಂಡು ಬಂದೋರು. ಯಾವ ದೇಶದಿಂದ ಅಂತ ಬರಿಯಲ್ಲ, ಹೇಳೋದಿದ್ರೆ ದೊಡ್ಡವಳಾದ್ಮೇಲೆ ಅವಳೇ ಹೇಳ್ಕೊಳ್ಲಿ.

ಕಾಯೋ ಕಷ್ಟ ಸುಳ್ಳಲ್ಲ, ಅದನ್ನ ಮೊದಲು ಹೇಳ್ಬಿಡ್ತೀನಿ. ಹೋಮ್ ಸ್ಟಡಿಗೆ, ಅಂದ್ರೆ ಮಗು ಕೊಡೋಕೆ ಈ ಮನೆ ಸರಿನಾ ಅಂತ ನೋಡೋಕೆ ಬಂದ ಸೋಷಿಯಲ್ ವರ್ಕರ್ ಮೇಡಂ ಸಂಬಳ ಸಾಲ ಎಲ್ಲ ಕೇಳಿ ಆದ್ಮೇಲೆ ನಮ್ಮನೆಯವರ ಕಡೆ ತಿರುಗಿ, ಚಿಕ್ಕವರಿದ್ದಾಗ ನಿಮ್ಮಪ್ಪ ನಿಮಗೆ ಹೊಡೀತಿದ್ರಾ ಅಂದ್ರು. ಇವರು ಹದಿನೈದು ವರ್ಷದ ಸಂಸಾರದಲ್ಲಿ ನನಗೇ ಹೇಳದೇ ಇದ್ದಿದ್ದನ್ನ ಆವತ್ತು ಅವರ ಮುಂದೆ ಹೇಳಿದ್ರು. ಆಮೇಲೆ ಪೊಲೀಸ್ ವೆರಿಫಿಕೇಷನ್, ಮೆಡಿಕಲ್, ನೋಟರಿ, ಅದರ ಮೇಲೆ ಅಪೋಸ್ಟಿಲ್ (ಕಾಗದ ಹೊರದೇಶದಲ್ಲೂ ನಡೆಯೋಕೆ ಸರ್ಕಾರ ಹಾಕೋ ಮುದ್ರೆ), ಆ ದೇಶದ ಭಾಷೆಗೆ ಟ್ರಾನ್ಸ್‌ಲೇಷನ್. ಒಂದು ಕಾಗದ ಕೈಗೆ ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗ್ದಿರತ್ತೆ, ಮತ್ತೆ ರಕ್ತ ಕೊಡು, ಮತ್ತೆ ಬೆರಳಚ್ಚು ಕೊಡು. ಕೊನೆಗೆ ಒಂದು ಫೋಟೋ ಬಂತು. ಅದನ್ನ ನೋಡ್ಕೊಂಡು ಅಳತೆ ಅಂದಾಜು ಮಾಡಿ ನಾನು ತಂದಿಟ್ಟ ಪ್ಯಾಂಟು ಅವಳು ನಿಜವಾಗ್ಲೂ ಬರೋ ಹೊತ್ತಿಗೆ ಮೊಣಕಾಲಿನ ಕೆಳಗೆ ಇಳೀತಿರ್ಲಿಲ್ಲ, ಅಷ್ಟು ತಿಂಗಳು ಹಿಡೀತು.

ಈಗ ಅವಳಿಗೆ ಹನ್ನೆರಡು. ಹೋದ ವರ್ಷ ಒಂದಿನ ಸಂಜೆ ಬಂದು, ಅಮ್ಮ ನನ್ನ ಫೈಲು ಎಲ್ಲಿದೆ, ನೋಡ್ಬೇಕು ಅಂದ್ಳು. ಕೊಟ್ವಿ. ನಮ್ಮಿಬ್ಬರ ಬಗ್ಗೆ ನಲವತ್ತು ಪುಟ ಇದೆ ಅದ್ರಲ್ಲಿ, ಎಷ್ಟು ಬಾತ್‌ರೂಮು, ಯಾವ ಇನ್ಶೂರೆನ್ಸು, ಅತ್ತೆ ಜೊತೆ ಸಂಬಂಧ ಹೇಗಿದೆ ಎಲ್ಲ. ಅವಳ ಬಗ್ಗೆ ಎರಡೂವರೆ ಪುಟ. ಹುಟ್ಟಿದ ದಿನಾಂಕ ಅಂದಾಜಿಂದು, ಹಲ್ಲು ನೋಡಿ ಡಾಕ್ಟ್ರು ಬರ್ದಿದ್ದು. ಸಿಕ್ಕಿದ ಜಾಗ, ಸಂಸ್ಥೆಯ ಗೇಟಿನ ಹತ್ರ. ಸಿಕ್ಕಿದ್ದು ಯಾರಿಗೆ ಅನ್ನೋ ಕಡೆ ಹೆಸರಿಲ್ಲ, ಬರೀ ಒಂದು ಗೀಚಿದ ಸಹಿ. ಆ ಸಹೀನ ಮೊಬೈಲಲ್ಲಿ ಫೋಟೋ ತೆಗ್ದು ದೊಡ್ಡದು ಮಾಡಿ ಮಾಡಿ ನೋಡ್ತಾ ಕೂತಿದ್ಳು ರಾತ್ರಿ ತನಕ, ಮೊದಲನೇ ಅಕ್ಷರ ಇದಿರಬಹುದಾ ಅದಿರಬಹುದಾ ಅಂತ. ನಾನು ಅಡುಗೆಮನೆಗೆ ಹೋಗಿ ಸುಮ್ನೆ ನಲ್ಲಿ ಬಿಟ್ಕೊಂಡು ನಿಂತಿದ್ದೆ.

ಆವತ್ತು ಕಾಗದ ಜಾಸ್ತಿ ಆಯ್ತು ಅಂತ ಶಾಪ ಹಾಕಿದ್ದೋರು ನಾವೇ. ಕಮ್ಮಿ ಇದ್ದ ಕಾಗದ ಯಾವುದು ಅಂತ ಈಗ ಗೊತ್ತಾಗಿದೆ.

ನಿಮ್ಮ ಲೇಖಕರು ಕಿತ್ತು ಹಾಕಿ ಅಂದ ನಿಯಮಗಳ ಮೂಲ 1993ರ ಹೇಗ್ ಒಪ್ಪಂದ, ಹೊರದೇಶದ ದತ್ತು ಬಗ್ಗೆ ದೇಶಗಳು ಸೇರಿ ಮಾಡ್ಕೊಂಡಿದ್ದು, ಜಾರಿಗೆ ಬಂದಿದ್ದು 1995ರಲ್ಲಿ, ಈಗ ನೂರಕ್ಕೂ ಹೆಚ್ಚು ದೇಶ ಅದ್ರಲ್ಲಿದೆ. ಅದರ ಪ್ರಕಾರ ಮಗು ಮೊದಲು ಹೆತ್ತವರ ಹತ್ರಾನೇ ಉಳಿಯೋಕೆ ಆಗತ್ತಾ ನೋಡ್ಬೇಕು, ಆಗ್ಲಿಲ್ಲ ಅಂದ್ರೆ ಅದೇ ದೇಶದಲ್ಲಿ ಒಂದು ಮನೆ ಸಿಗತ್ತಾ ನೋಡ್ಬೇಕು, ಅದೂ ಆಗದೇ ಇದ್ರೆ ಹೊರದೇಶ. ಅಂದ್ರೆ ಸಾಲಲ್ಲಿ ನಾವು ಕೊನೆಯವರು! ಇದನ್ನ ಕೇಳಿದಾಗ ಒಂಥರಾ ಅವಮಾನ ಆಗಿತ್ತು ನನಗೆ, ಸುಳ್ಳು ಯಾಕೆ ಹೇಳ್ಲಿ. ಹೆರಿಗೆ ಆದ ಮೇಲೆ ಮಾತ್ರ ತಾಯಿ ಒಪ್ಪಿಗೆ ತಗೋಬೇಕು, ಆ ಒಪ್ಪಿಗೆಗೆ ದುಡ್ಡು ಕೊಟ್ಟಿರಬಾರ್ದು, ಎಲ್ಲ ತೀರ್ಮಾನ ಆಗೋ ಮುಂಚೆ ದತ್ತು ತಗೊಳೋರು ಹೆತ್ತವರನ್ನ ಸಂಪರ್ಕ ಮಾಡೋ ಹಾಗಿಲ್ಲ (ಮನೆತನದೊಳಗಿನ ದತ್ತು ಆದ್ರೆ ಬೇರೆ), ಮಗುವಿನ ಮೂಲದ ಮಾಹಿತಿನ ಸರ್ಕಾರ ಜೋಪಾನ ಮಾಡ್ಬೇಕು ಅಂತೆಲ್ಲ ಇದೆ. ಒಂದೊಂದು ನಿಯಮದ ಹಿಂದೆನೂ ಯಾವಾಗ್ಲೋ ಎಲ್ಲೋ ಯಾರೋ ಮಾಡಿದ ಒಂದು ಅನ್ಯಾಯ ಇದೆ, ಸುಮ್ನೆ ಕೂತು ಬರ್ದಿದ್ದಲ್ಲ.

ಬೇಗ ಬೇಗ ಕಳ್ಸಿದ್ರೆ ಏನಾಗತ್ತೆ ಅನ್ನೋಕೆ ದಕ್ಷಿಣ ಕೊರಿಯಾ ನೋಡಿ. ಕೊರಿಯಾ ಯುದ್ಧ ಮುಗಿದ ಮೇಲೆ ಶುರುವಾಗಿ ಅಲ್ಲಿಂದ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹೊರಗೆ ಹೋದ್ರು. 2025ರ ಮಾರ್ಚಲ್ಲಿ ಹಳೇ ಅನ್ಯಾಯಗಳ ತನಿಖೆ ಮಾಡೋ ಅವರದೇ ಸತ್ಯ ಮತ್ತು ಸಾಮರಸ್ಯ ಆಯೋಗ ಹೇಳ್ತು, ಅಪ್ಪ ಅಮ್ಮ ಗೊತ್ತಿದ್ದ ಮಕ್ಕಳನ್ನೂ ಅನಾಥರು ಅಂತ ದಾಖಲೆ ಮಾಡಿದ್ರು, ಒಂದು ಮಗುವಿನ ಗುರುತನ್ನ ಇನ್ನೊಂದಕ್ಕೆ ಹಾಕಿ ಕಳ್ಸಿದ್ರು, ಇದ್ರಲ್ಲಿ ಸರ್ಕಾರದ ಹೊಣೆನೂ ಇದೆ ಅಂತ. ಐವತ್ತು ವರ್ಷದ ಹೆಂಗಸರು ಗಂಡಸರು ಈಗ ಡಿಎನ್‌ಎ ಟೆಸ್ಟ್ ಮಾಡಿಸ್ಕೊಂಡು ಅಮ್ಮನ್ನ ಹುಡುಕ್ತಾ ಇದಾರೆ, ಆ ಕಡೆ ಅಮ್ಮಂದಿರಿಗೂ ವಯಸ್ಸಾಗಿದೆ. ಗ್ವಾಟೆಮಾಲಾದಿಂದ ಒಂದು ಕಾಲಕ್ಕೆ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳು ಬರೀ ಅಮೆರಿಕಾಗೇ ಹೋಗ್ತಿದ್ರು, ಅಲ್ಲಿ ಖಾಸಗಿ ವಕೀಲರೇ ಎಲ್ಲ ಕುದುರಿಸ್ತಿದ್ರು, ತುಂಬಾ ಫಾಸ್ಟು ಅಂತ ಹೆಸರು. ಮಕ್ಕಳ ಕಳ್ಳತನದ ದೂರು ಬಂದು ಬಂದು 2008ರಲ್ಲಿ ಹೊಸ ಅರ್ಜಿ ನಿಲ್ಲಿಸಬೇಕಾಯ್ತು.

ಈಗ ಬಾಗಿಲುಗಳೂ ಒಂದೊಂದಾಗಿ ಮುಚ್ತಾ ಇವೆ ಅನ್ನೋದು ನಿಜ. ಇಥಿಯೋಪಿಯಾ 2018ರಲ್ಲಿ ನಿಲ್ಲಿಸ್ತು, ಚೀನಾ 2024ರಲ್ಲಿ, ಹತ್ತಿರದ ಸಂಬಂಧಿಕರಿಗೆ ಮಾತ್ರ ಬಿಟ್ಟು. ಮಕ್ಕಳನ್ನ ತಗೊಳೋ ಕಡೆಯಿಂದ ನೆದರ್ಲೆಂಡ್ಸ್ ಕೂಡ ಹಂತ ಹಂತವಾಗಿ ನಿಲ್ಲಿಸೋಕೆ ಹೊರಟಿದೆ. ಅಮೆರಿಕಾದಲ್ಲಿ ಹೊರದೇಶದಿಂದ ತಗೊಂಡ ದತ್ತು 2004ರಲ್ಲಿ ಸುಮಾರು 23 ಸಾವಿರ ಇದ್ದಿದ್ದು 2023ರಲ್ಲಿ 1,300 ಕೂಡ ದಾಟ್ಲಿಲ್ಲ. ಫೋಟೋ ನೋಡಿ ಮಗು ತಮ್ಮದೇ ಅಂತ ಆದ್ಮೇಲೆ ಬಾಗಿಲು ಮುಚ್ಚಿದ್ದನ್ನ ನೋಡಿದ ಮನೆಗಳೂ ಇವೆ, ಅವರ ಹೊಟ್ಟೆ ಉರಿ ನನಗೆ ಅರ್ಥ ಆಗತ್ತೆ. ಮುಚ್ಚೋದೇ ಪರಿಹಾರ ಅಂತಾನೂ ನಾನು ಹೇಳ್ತಿಲ್ಲ, ಕಾಯಿಲೆ ಇರೋ ಮಕ್ಕಳು, ಸ್ವಲ್ಪ ದೊಡ್ಡ ಮಕ್ಕಳು, ಅಣ್ಣ ತಂಗಿ ಒಟ್ಟಿಗೆ ಇರೋರು, ಇವರಿಗೆ ಅಲ್ಲೇ ಮನೆ ಸಿಗೋದು ಕಷ್ಟ. ಆದ್ರೆ ಬೇಗ ಮುಗಿಸಿ ಅಂತ ನಾವು ಒತ್ತಡ ಹಾಕಿದಾಗ ಯಾವ ಹಂತ ಹಾರಿಸ್ತಾರೆ ಗೊತ್ತಾ, ನಮ್ಮ ಬಾತ್‌ರೂಮು ಎಣಿಸೋದನ್ನಲ್ಲ, ಆ ಗೇಟಿನ ಹತ್ರ ಹೋಗಿ ವಿಚಾರಿಸೋದನ್ನ.

ಕರ್ಕೊಂಡು ಬಂದ ದಿನದ್ದೂ ಒಂದು ಹೇಳ್ಬೇಕು, ಯಾಕಂದ್ರೆ ಲೇಖನದಲ್ಲಿ ಮಗು ಓಡಿ ಬಂದು ಅಮ್ಮನ ಕುತ್ತಿಗೆ ತಬ್ಕೊಂತು ಅಂತಿತ್ತು. ನಮ್ಮನೇಲಿ ಹಾಗಾಗ್ಲಿಲ್ಲ. ಮೊದಲ ಮೂರು ರಾತ್ರಿ ಅವಳು ಶೂ ಬಿಚ್ಚೋಕೆ ಬಿಡ್ಲಿಲ್ಲ, ಶೂ ಹಾಕ್ಕೊಂಡೇ, ಬಾಗಿಲ ಕಡೆ ಮುಖ ಮಾಡ್ಕೊಂಡೇ ಮಲಗಿದ್ಳು, ನಾವಿಬ್ರೂ ಅವಳ ಪಾಲಿಗೆ ಯಾರೋ ಭಾಷೆ ಗೊತ್ತಿಲ್ದೇ ಇರೋ ದೊಡ್ಡೋರು. ಅವಳು ಹಾಕ್ಕೊಂಡು ಬಂದಿದ್ದ ಜಾಕೆಟ್ಟನ್ನ ಸದ್ಯಕ್ಕೆ ತೊಳೀಬೇಡಿ, ಅಲ್ಲಿನ ವಾಸನೆ ಮಗುವಿಗೆ ಧೈರ್ಯ ಅಂತ ನಮಗೆ ತರಬೇತೀಲಿ ಹೇಳಿದ್ರು. ಕೊಳೆ ನೋಡಿ ತಡ್ಕೊಳೋಕೆ ಆಗ್ದೇ ಮಾರನೇ ದಿನವೇ ತೊಳ್ದು ಒಣಗಾಕಿದ್ದೆ. ಸಾಯಂಕಾಲ ಅದನ್ನ ಮೂಗಿಗೆ ಹಿಡ್ಕೊಂಡು ನೋಡಿ ನನ್ನ ಕಡೆ ಎಸೆದ್ಳು. ನಾಲ್ಕು ವರ್ಷದ ಮಗುವಿನ ಕೈಯಲ್ಲಿ ಅಷ್ಟು ಜೋರು ಇರತ್ತೆ ಅಂತ ಗೊತ್ತಿರ್ಲಿಲ್ಲ.

ನೆಂಟರು ಬಂದೋರೆಲ್ಲ ಏನ್ ಅದೃಷ್ಟ ಮಾಡಿದ್ಳೋ ನಿಮ್ಮನೆ ಸೇರಕ್ಕೆ, ದೊಡ್ಡ ಪುಣ್ಯ ಕಟ್ಕೊಂಡ್ರಿ ಅಂತಿದ್ರು, ಈಗಲೂ ಅಂತಾರೆ. ಹೆತ್ತಮ್ಮ, ಊರು, ಭಾಷೆ, ಹೆಸರು ಎಲ್ಲ ಐದು ವರ್ಷದೊಳಗೆ ಕಳ್ಕೊಂಡಿರೋಳನ್ನ ಅದೃಷ್ಟವಂತೆ ಅನ್ನೋಕೆ ನನಗೆ ಬಾಯಿ ಬರಲ್ಲ. ಮಗು ಬೇಕಾಗಿದ್ದು ನಮಗೆ. ಅವಳು ನಮ್ಮ ಋಣ ತೀರಿಸ್ಬೇಕಾಗಿಲ್ಲ.

ಇನ್ನೊಂದು, ಲೇಖನದಲ್ಲಿ ಕೋರ್ಟ್ ಆರ್ಡರ್ ಬಂದ್ರೆ ಮುಗೀತು ಅಂತಿತ್ತು, ದಯವಿಟ್ಟು ಯಾರೂ ಹಾಗೆ ನಂಬ್ಕೊಂಡು ಕೂರ್ಬೇಡಿ. ದತ್ತು ಬೇರೆ, ಪೌರತ್ವ ಬೇರೆ. ಅಮೆರಿಕಾದಲ್ಲಿ 2001ರಲ್ಲಿ ಕಾನೂನು ಬಂದ್ಮೇಲೆ ಮಕ್ಕಳಿಗೆ ತಾನಾಗೇ ಪೌರತ್ವ ಸಿಗೋ ಹಾಗಾಯ್ತು, ಆದ್ರೆ ಅಷ್ಟೊತ್ತಿಗೆ 18 ತುಂಬಿದ್ದೋರನ್ನ ಹೊರಗಿಟ್ರು. ಅಪ್ಪ ಅಮ್ಮ ಒಂದು ಅರ್ಜಿ ಹಾಕೋದು ಮರ್ತಿದ್ದಕ್ಕೆ ಮಧ್ಯವಯಸ್ಸಲ್ಲಿ, ಭಾಷೇನೇ ಬರದೇ ಇರೋ ಹುಟ್ಟಿದ ದೇಶಕ್ಕೆ ವಾಪಸ್ ಕಳ್ಸಿಸ್ಕೊಂಡೋರು ಇದಾರೆ. ಹೇಗ್ ಪ್ರಕಾರ ಆಗಿರೋ ದತ್ತುಗೆ 23ನೇ ವಿಧಿ ಕೆಳಗೆ ಒಂದು ಸರ್ಟಿಫಿಕೇಟ್ ಕೊಡ್ತಾರೆ, ಒಪ್ಪಂದದಲ್ಲಿರೋ ಬೇರೆ ದೇಶಗಳೂ ಈ ದತ್ತುನ ಒಪ್ಕೊಳೋದು ಅದರ ಆಧಾರದ ಮೇಲೆ. ಅದನ್ನ ಕೇಳಿ ಇಸ್ಕೊಳ್ಳಿ, ಅದು ಬಂದ್ರೂ ಪೌರತ್ವದ ಕಾಗದ ಬೇರೆ ಆಗಿ ಮಾಡಿಸಿ, ಒರಿಜಿನಲ್ ಒಂದು ಕಡೆ ಸ್ಕ್ಯಾನ್ ಒಂದು ಕಡೆ ಇಡಿ. ಮತ್ತೆ ಅಲ್ಲಿಗೆ ಹೋದಾಗ ಮಗು ನೋಡ್ಕೊಂಡಿದ್ದ ಆಯಾ ಹೆಸರು ಕೇಳಿ ಬರ್ಕೊಳ್ಳಿ, ಆ ಗೇಟಿನ ಫೋಟೋ ತೆಗೀರಿ, ಸಹಿ ಹಾಕಿದ್ದು ಯಾರು ಅಂತ ಕೇಳಿ. ನಾವು ಕೇಳ್ಲಿಲ್ಲ, ಫ್ಲೈಟಿಗೆ ಟೈಮ್ ಆಗಿತ್ತು.

ನಿಮ್ಮಲ್ಲೂ ಒಂದು ಕೇಳ್ಕೊಳೋದಿದೆ ಸಂಪಾದಕರೇ. ಆ ಲೇಖನದ ಜೊತೆ ಒಂದು ಮಗುವಿನ ಫೋಟೋ ಹಾಕಿ, ಅದರ ಮೊದಲಿನ ಹೆಸರು, ಅದರ ತಾಯಿ ಯಾಕೆ ಬಿಟ್ಟು ಹೋದ್ಳು ಅನ್ನೋದನ್ನೂ ಬರ್ದಿದ್ರಿ. ಆ ಮಗುವಿಗೆ ಇನ್ನೂ ಓದೋಕೆ ಬರಲ್ಲ. ಆನ್‌ಲೈನ್ ಆವೃತ್ತೀಲಿ ಇನ್ನೂ ಹಾಗೇ ಇದೆ, ಅದನ್ನ ತೆಗೆಸಿ.

ಹೆಸರು ಹಾಕಬೇಡಿ,
ನಿಮ್ಮ ಹಳೇ ಓದುಗಾರ್ತಿ