ನಕ್ಷೆ ಹಿಡಿದುಕೊಂಡು ಒಮ್ಮೆ ಕಡಲ ಬದಿಗೆ ಬನ್ನಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಸವಿನಯ ವಂದನೆಗಳು. ಇಷ್ಟು ವರ್ಷ ಅರ್ಜಿಗಳಲ್ಲಿ ಬರೆದುಕೊಂಡು ಬಂದ ಸಂಗತಿಯನ್ನೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ: ನಮ್ಮೂರಿನ ಕಡಲ ಬದಿಯಲ್ಲಿ ಎದ್ದಿರುವ ರೆಸಾರ್ಟಿನಿಂದ ನಮ್ಮ ಬಾವಿಯ ನೀರೂ ಕಡಲ ದಡವೂ ಕೆಡುತ್ತಿವೆ. ಪಂಚಾಯತಿನವರು ಅರ್ಜಿಯನ್ನು ತಾಲೂಕು ಕಚೇರಿಗೆ ಕಳುಹಿಸಿದರು, ಅಲ್ಲಿಂದ ಅದು ಪರಿಸರದ ಕಚೇರಿಗೆ ಹೋಯಿತು, ಅವರು 'ಮುಂದಿನ ಸೂಕ್ತ ಕ್ರಮಕ್ಕಾಗಿ' ಎಂದು ಷರಾ ಬರೆದು ಮತ್ತೆ ಪಂಚಾಯತಿಗೇ ಹಿಂದಿರುಗಿಸಿದರು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ತೊಂದರೆಯಾಗುವುದು ನನ್ನೊಬ್ಬನಿಗಲ್ಲ, ಅದೇ ರೆಸಾರ್ಟಿನಲ್ಲಿ ಪಾತ್ರೆ ತೊಳೆಯುವ ನೆರೆಮನೆಯ ಹೆಂಗಸರಿಗೂ ಆಗುತ್ತದೆ. ಕಡತವೆಲ್ಲ ತಮ್ಮ ಕಚೇರಿಯಲ್ಲೇ ಇರುವುದರಿಂದ ಊರು ಯಾವುದೆಂದು ತಮಗೆ ತಿಳಿಯದೆ ಇರಲಾರದು.

ಕಾನೂನನ್ನು ತಮಗೆ ವಿವರಿಸುವ ಉದ್ಧಟತನ ನನಗೆ ಬೇಡ. 1991ರಿಂದ ಜಾರಿಯಲ್ಲಿದ್ದು, 2011ರಲ್ಲಿ ಮತ್ತು 2019ರಲ್ಲಿ ಹೊಸ ರೂಪ ಪಡೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ತಮ್ಮ ಮೇಜಿನ ಮೇಲೇ ಇರುತ್ತದೆ. ನಮ್ಮಂಥ ಜನಸಂಖ್ಯೆ ಕಡಿಮೆಯಿರುವ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲವೆಂಬುದೂ, ರೆಸಾರ್ಟಿನವರು ಆ 200 ಮೀಟರಿನೊಳಗೆ ಅಂತರ್ಜಲ ಎತ್ತುವಂತಿಲ್ಲವೆಂಬುದೂ, ಕೊಳಚೆಯನ್ನು ಕಡಲತೀರಕ್ಕೆ ಬಿಡುವಂತಿಲ್ಲವೆಂಬುದೂ ತಮಗೆ ಗೊತ್ತು. ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲು, ಶೌಚಾಲಯದಂಥವುಗಳಿಗೆ 2019ರಲ್ಲಿ ಸ್ವಲ್ಪ ಸಡಿಲಿಕೆ ಸಿಕ್ಕಿದೆ, ನಿಜ. ನಮ್ಮೂರಿನ 'ತಾತ್ಕಾಲಿಕ' ಕಾಟೇಜುಗಳಿಗೆ ಕಾಂಕ್ರೀಟಿನ ಕಂಬಗಳಿವೆ, ಟೈಲ್ಸ್ ಹಾಸಿದ ನೆಲವಿದೆ, ಒಂದು ಈಜುಕೊಳವೂ ಇದೆ. ಇಷ್ಟು ಗಟ್ಟಿಯಾದ ತಾತ್ಕಾಲಿಕ ಕಟ್ಟಡದಲ್ಲಿ ನಮ್ಮ ಅಂಗನವಾಡಿ ಮಕ್ಕಳನ್ನು ಕೂರಿಸಲು ಸರಕಾರಕ್ಕೆ ಇನ್ನೂ ಸಾಧ್ಯವಾಗಿಲ್ಲ.

ಈಗ ನನ್ನ ಬಾವಿಯ ವಿಷಯ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು ಇರುವ ಹೊಯಿಗೆಯ (ಮರಳಿನ) ಪಟ್ಟಿಯ ಮೇಲೆ ನಮ್ಮ ಮನೆಗಳಿವೆ. ಇಲ್ಲಿ ಬಾವಿ ಆಳವಿರುವುದಿಲ್ಲ. ಮಳೆಗಾಲದಲ್ಲಿ ಇಂಗಿದ ಸಿಹಿನೀರು ಹೊಯಿಗೆಯೊಳಗೆ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಕೊಡಪಾನದಲ್ಲಿ ಹದವಾಗಿ ಸೇದಿದರೆ ಮೇ ತಿಂಗಳವರೆಗೂ ಸಾಕಾಗುತ್ತದೆ, ಪಂಪು ಇಟ್ಟು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ನನ್ನ ಅಜ್ಜ ತೋಡಿಸಿದ ಬಾವಿಯಲ್ಲಿ ರೆಸಾರ್ಟಿನ ಕೊಳವೆಬಾವಿ ಬಂದ ಮೇಲೆ ಜನವರಿಗೇ ನೀರು ಚಪ್ಪೆಯುಪ್ಪಾಗತೊಡಗಿತು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಬಾವಿಕಟ್ಟೆಯ ಪಕ್ಕದ ತೆಂಗಿನ ಗರಿಗಳ ತುದಿ ಸುಟ್ಟಂತೆ ಕಂದಿದೆ. ಎರಡು ವರ್ಷಗಳಿಂದ ಅದಕ್ಕೆ ವಾಸನೆಯೂ ಸೇರಿದೆ, ಅದು ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮೊಣಕಾಲು ನೋವಿನ ನನ್ನ ಹೆಂಡತಿ ಕುಡಿಯುವ ನೀರಿಗಾಗಿ ಪಂಚಾಯತಿನ ಟ್ಯಾಂಕರಿನ ಹಾರ್ನ್ ಕೇಳಿದ ಕೂಡಲೇ ರಸ್ತೆಯವರೆಗೆ ಕೊಡ ಹಿಡಿದು ಹೋಗಬೇಕು; ಹಾರ್ನ್ ಕೇಳಿಸದ ದಿನ ಸೊಸೆಯ ಜತೆ ಮಾತು ಬೆಳೆಯುತ್ತದೆ. ಕಡತದಲ್ಲಿ ಇದಕ್ಕೆಲ್ಲ ಕಾಲಂ ಇರುವುದಿಲ್ಲವೆಂದು ಬಲ್ಲೆ, ಆದರೂ ಬರೆಯದೆ ಇರಲಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಂತೂ ಒಂದು ತನಿಖೆ ನಡೆಯಿತು. ಅಧಿಕಾರಿಗಳು ಬರುವ ಸುದ್ದಿ ನಮಗಿಂತ ಮೊದಲು ರೆಸಾರ್ಟಿಗೆ ಮುಟ್ಟಿತ್ತು. ಹಿಂದಿನ ರಾತ್ರಿಯೇ ರೆಸಾರ್ಟಿನ ಗೋಡೆಯಡಿಯ ಕೊಳಚೆ ಕೊಳವೆಯ ಬಾಯಿಗೆ ಹೊಯಿಗೆ ತುಂಬಿಸಲಾಗಿತ್ತು. ಬಂದವರು ರೆಸಾರ್ಟಿನ ಜಗಲಿಯಲ್ಲಿ ಬೊಂಡ (ಎಳನೀರು) ಕುಡಿದರು. ಆಮೇಲೆ ಅವರಲ್ಲೊಬ್ಬರು ತಂಪುಪಾನೀಯದ ಖಾಲಿ ಬಾಟಲಿಯೊಂದನ್ನು ಅಲ್ಲಿಂದಲೇ ಕೇಳಿ ಪಡೆದು, ತಳದಲ್ಲಿದ್ದ ಕಿತ್ತಳೆ ಬಣ್ಣದ ದ್ರವವನ್ನು ಚೆಲ್ಲಿ, ಕೊಳವೆಯಿಂದ ಬಹಳ ದೂರದಲ್ಲಿ, ಉಬ್ಬರದ ಹೊತ್ತಿನ ಕಡಲನೀರನ್ನು ತುಂಬಿಸಿಕೊಂಡು ಬಂದರು. ಆ ಬಾಟಲಿಯನ್ನು ಊಟ ಮುಗಿಯುವವರೆಗೆ ಜೀಪಿನ ಗಾಜಿನ ಹಿಂದೆ ಬಿಸಿಲಿಗೆ ಇಟ್ಟಿದ್ದರು. ನೀರಿನ ಮಾದರಿಯನ್ನು ಕ್ರಿಮಿಶುದ್ಧಗೊಳಿಸಿದ ಬಾಟಲಿಯಲ್ಲಿ ತೆಗೆದು ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕೆಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನು ಹೇಳಿದಾಗ, 'ಮಾಸ್ಟ್ರೇ, ನೀವು ರಿಟೈರ್ ಆಗಿದ್ದೀರಲ್ಲ' ಎಂಬ ಉತ್ತರ ಬಂತು. ಸ್ನಾನಕ್ಕೂ ವಾಣಿಜ್ಯ ಮೀನುಗಾರಿಕೆಗೂ ಬಳಕೆಯಾಗುವ ಕಡಲನೀರಿನಲ್ಲಿ 100 ಮಿಲಿಲೀಟರಿಗೆ ಮಲಜನ್ಯ ಕೋಲಿಫಾರ್ಮ್ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) 100 ಮೀರಬಾರದೆಂಬ ಮಾನದಂಡವಿದೆ. ವರದಿಯಲ್ಲಿ ಅಂಕಿಯೇ ಇರಲಿಲ್ಲ. 'ಸಮಾಧಾನಕರ' ಎಂಬ ಒಂದು ಪದವಿತ್ತು. ಯಾರಿಗೆ ಸಮಾಧಾನವೆಂದು ಬರೆದಿರಲಿಲ್ಲ.

ಆದ್ದರಿಂದಲೇ ಕೇಳುತ್ತಿದ್ದೇನೆ: ತಾವೇ ಬನ್ನಿ, ಉಬ್ಬರದ ಗೆರೆ ಗುರುತಿಸಿರುವ ನಕ್ಷೆಯನ್ನು ಹಿಡಿದುಕೊಂಡು ಬನ್ನಿ.

ಕಡಲ್ಕೊರೆತದ ಕಥೆಯೂ ಇದಕ್ಕೆ ಹೊರತಲ್ಲ. ಅಲೆಗಳು ದಡದುದ್ದಕ್ಕೂ ಹೊಯಿಗೆಯನ್ನು ಸಾಗಿಸುತ್ತಿರುತ್ತವೆ, ಮಳೆಗಾಲದಲ್ಲಿ ಒಯ್ದದ್ದನ್ನು ಶಾಂತ ಋತುವಿನಲ್ಲಿ ಬಹುಮಟ್ಟಿಗೆ ತಂದು ಹಾಕುತ್ತವೆ. ಮಧ್ಯೆ ಗೋಡೆ ನಿಂತರೆ ಅದಕ್ಕೆ ಬಡಿದ ಅಲೆ ಬುಡದ ಹೊಯಿಗೆಯನ್ನೇ ಕೆರೆದುಕೊಂಡು ಹೋಗುತ್ತದೆ, ಗೋಡೆ ಮುಗಿಯುವಲ್ಲಿ ಕೊರೆತ ಹೆಚ್ಚಾಗುತ್ತದೆ. ರೆಸಾರ್ಟಿನ ಗೋಡೆಗೆ ಕಪ್ಪು ಬಂಡೆಗಳ ಕಾವಲು ಸಿಕ್ಕಿದ ಮರುವರ್ಷವೇ ಪಕ್ಕದ ಮೀನುಗಾರರ ಮನೆಗಳ ಅಂಗಳ ಕುಸಿಯಿತು. ಅವರು ಕೈರಂಪಣಿ ಬಲೆಯನ್ನು ದಡದಿಂದಲೇ ಎಳೆಯುತ್ತಿದ್ದ ಜಾಗವೂ ಈಗ ಇಲ್ಲ. ಬಲೆ ಎಳೆಯಲು ಕಾಲೂರುವ ಜಾಗವಾದರೂ ಬೇಕಲ್ಲವೇ? ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಅಲೆಗಳ ಹೊಡೆತ ತಗ್ಗಿಸಲು ಕಡಲೊಳಗೆ ರೀಫ್ (ಕೃತಕ ದಿಬ್ಬ) ಕಟ್ಟಬೇಕಾಗಿ ಬಂದದ್ದು ತಮಗೆ ತಿಳಿದೇ ಇದೆ. ಕೆಡಿಸಿಕೊಂಡ ಮೇಲೆ ಕಡಲನ್ನು ರಿಪೇರಿ ಮಾಡುವ ಖರ್ಚು ಅಷ್ಟಿರುತ್ತದೆ. ನಮ್ಮಲ್ಲಂತೂ ಪ್ರತಿ ಜೂನಿನಲ್ಲಿ ಲಾರಿಗಟ್ಟಲೆ ಕಲ್ಲು ಬೀಳುತ್ತದೆ, ಬಿಲ್ಲು ಪಾಸಾಗುತ್ತದೆ, ಕಲ್ಲು ಹೊಯಿಗೆಯೊಳಗೆ ಹೂತುಹೋಗುತ್ತದೆ.

'ಮಾಸ್ಟ್ರು ಅಭಿವೃದ್ಧಿಗೆ ಅಡ್ಡ' ಎನ್ನುವವರು ಊರಿನಲ್ಲೂ ಇದ್ದಾರೆ. ಪ್ರವಾಸಿಗರು ಬರುವುದು ನನಗೆ ಬೇಡವೆಂದಿಲ್ಲ. ಪಡುಬಿದ್ರಿ ಮತ್ತು ಕಾಸರಕೋಡಿನ ತೀರಗಳಿಗೆ 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ನಾನೂ ಹೆಮ್ಮೆಪಟ್ಟವನೇ. ಆ ಬಾವುಟ ಹಾರಬೇಕಾದರೆ ಸ್ನಾನದ ನೀರನ್ನು ನಿಯಮಿತವಾಗಿ ಪರೀಕ್ಷಿಸಿ ಫಲಿತಾಂಶವನ್ನು ತೀರದಲ್ಲೇ ಹಾಕಬೇಕು. ಪ್ರವಾಸಿಗರು ಮೀಯುವ ನೀರಿಗೆ ದೊರೆಯುವ ಆ ಗೌರವ, ನಮ್ಮ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೊಳೆಗೆ ಯಾಕೆ ದೊರೆಯಬಾರದು?

ಇನ್ನೊಂದು ಮಾತನ್ನು ನೆನಪಿಸುತ್ತೇನೆ. ಅಧಿಸೂಚನೆಯ ಪ್ರಕಾರ ಜಿಲ್ಲಾ ಮಟ್ಟದ ಕರಾವಳಿ ಸಮಿತಿಗೆ ತಾವೇ ಅಧ್ಯಕ್ಷರು, ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಸಮುದಾಯದ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು. ನಮ್ಮ ಕಡೆಯ ಆ ಪ್ರತಿನಿಧಿಗಳು ಯಾರೆಂದು ನಾನು ಲಿಖಿತವಾಗಿ ಕೇಳಿದ್ದೇನೆ, ಉತ್ತರ ಬಂದಿಲ್ಲ.

ಮಳೆ ಹಿಡಿಯುವ ಮೊದಲೇ ಬನ್ನಿ, ಇಳಿತದ ಹೊತ್ತಿಗೆ ಬನ್ನಿ. ಜುಲೈಯಲ್ಲಿ ಬಂದರೆ ಎಲ್ಲ ಕೊಳಕೂ ಕೆಂಪುನೀರಿನಲ್ಲಿ ಕರಗಿಹೋಗಿ ವರದಿ ಮತ್ತೆ ಸಮಾಧಾನಕರವಾಗುತ್ತದೆ. ಮುಂಚಿತವಾಗಿ ಯಾರಿಗೂ ತಿಳಿಸದೆ, ಸಮಿತಿಯ ಮೀನುಗಾರ ಸದಸ್ಯರನ್ನೂ, ಮಾದರಿ ತೆಗೆಯಲು ಬಲ್ಲವರನ್ನೂ ಜತೆಗೆ ಕರೆತನ್ನಿ. ಉಬ್ಬರದ ಗೆರೆಯಿಂದ ಗೋಡೆಯವರೆಗೆ ಟೇಪು ಹಿಡಿದು ಅಳೆಯಿಸಿ, ಕೊಳವೆಯ ಬಾಯಿಯಿಂದಲೂ ನನ್ನ ಬಾವಿಯಿಂದಲೂ ನೀರು ತೆಗೆಸಿ, ಬಂದ ಅಂಕಿಗಳನ್ನು ಪಂಚಾಯತಿನ ಗೋಡೆಗೆ ಅಂಟಿಸಿ. ಬಾಟಲಿಯನ್ನು ಮಾತ್ರ ದಯವಿಟ್ಟು ಕಚೇರಿಯಿಂದಲೇ ತನ್ನಿ.

ಇತಿ ತಮ್ಮ ವಿಶ್ವಾಸಿ,
ಹೊಳೆಬದಿಯ ನಿವೃತ್ತ ಶಿಕ್ಷಕ