‘.ಭಾರತ’ ಕನ್ನಡದಲ್ಲೂ ಇದೆ, ಅರ್ಜಿ ನಮೂನೆಗಳು ಒಪ್ಪಬೇಕಷ್ಟೆ

ಮಾನ್ಯ ಸಂಪಾದಕರೇ,

ಜಾಲತಾಣದ ವಿಳಾಸವನ್ನು ಪೂರ್ತಿ ಕನ್ನಡ ಅಕ್ಷರಗಳಲ್ಲೇ ಇಟ್ಟುಕೊಳ್ಳಬಹುದು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಇನ್ನೂ ಗೊತ್ತಿಲ್ಲ. ‘ಕಾಮ್’ ಅಥವಾ ‘ಇನ್’ ಬರುವ ಕಡೆ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಬರೆಯುವ ವಿಳಾಸಕ್ಕೆ ಅಂತರಜಾಲದ ಮೂಲಪಟ್ಟಿಯಲ್ಲಿ ಅಧಿಕೃತ ಸ್ಥಾನವಿದೆ. ಸಾಗರದ ಸುತ್ತಮುತ್ತಲಿನ ಸಹಕಾರ ಸಂಘಗಳಿಗೆ, ಶಾಲೆಗಳಿಗೆ, ಸಣ್ಣ ವ್ಯಾಪಾರಿಗಳಿಗೆ ಜಾಲತಾಣ ಮಾಡಿಕೊಡುವುದು ನನ್ನ ಕಸುಬು. ಕನ್ನಡದ ವಿಳಾಸ ಬೇಕೆಂದು ಆಸೆಯಿಂದ ಬರುವವರಿಗೆ ‘ಇಟ್ಟುಕೊಳ್ಳಿ, ಆದರೆ ಜೊತೆಗೊಂದು ಇಂಗ್ಲಿಷ್ ವಿಳಾಸವೂ ಇರಲಿ’ ಎನ್ನಬೇಕಾಗಿ ಬಂದಿದೆ. ತಂತ್ರಜ್ಞಾನದಲ್ಲಿ ಕೊರತೆ ಇದ್ದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಅಂತರಜಾಲದ ಹೆಸರಿನ ವ್ಯವಸ್ಥೆ 1983ರಲ್ಲಿ ರೂಪುಗೊಂಡಿತು. ಅದರ ವಿಳಾಸಗಳಲ್ಲಿ ಇಂಗ್ಲಿಷಿನ 26 ಅಕ್ಷರ, 10 ಅಂಕಿ, ಒಂದು ಕಿರುಗೆರೆ, ಇಷ್ಟಕ್ಕೇ ಜಾಗ. ಜರ್ಮನರ ಎರಡು ಚುಕ್ಕಿಯ ‘ಯೂ’, ಫ್ರೆಂಚರ ಗೀಟು ಹೊತ್ತ ‘ಇ’ ಕೂಡ ಹೊರಗೇ ಉಳಿದವು, ಇನ್ನು ನಮ್ಮ ಒತ್ತಕ್ಷರಗಳ ಮಾತೆಲ್ಲಿ? ಆ ತಳಪಾಯ ಕೀಳದೆ ಎಲ್ಲ ಲಿಪಿಗಳನ್ನೂ ಒಳಗೆ ತರುವ ಪ್ಯೂನಿಕೋಡ್ ಎಂಬ ದಾರಿ 2003ರಲ್ಲಿ ಸಿಕ್ಕಿತು. ನಾವು ‘ಭಾರತ’ ಎಂದು ಟೈಪಿಸಿದರೆ ಬ್ರೌಸರ್ ಒಳಗೊಳಗೇ ಅದನ್ನು ‘ಎಕ್ಸ್‌ಎನ್’, ಎರಡು ಕಿರುಗೆರೆ, ಆಮೇಲೆ ‘2ಎಸ್‌ಸಿಆರ್‌ಜೆ9ಸಿ’ ಎಂಬ ಇಂಗ್ಲಿಷ್ ಸರಣಿಯಾಗಿ ಬದಲಿಸಿ ಕಳಿಸುತ್ತದೆ. ಸರ್ವರ್ ಯಂತ್ರಕ್ಕೆ ಕಾಣುವುದು ಆ ಸರಣಿ, ಓದುವವರಿಗೆ ಕಾಣಬೇಕಾದದ್ದು ಕನ್ನಡ.

ಜರ್ಮನಿಯ ‘.ಡಿಇ’ ವಿಳಾಸಗಳಲ್ಲಿ ಆ ಚುಕ್ಕಿಯ ಅಕ್ಷರಗಳಿಗೆ 2004ರ ಮಾರ್ಚ್‌ನಲ್ಲೇ ಅವಕಾಶವಾಯಿತು. ವಿಳಾಸದ ಕೊನೆಯ ಚುಕ್ಕೆಯ ನಂತರದ, ‘ಕಾಮ್’ ಬರುವ ಭಾಗವೂ ಬೇರೆ ಲಿಪಿಯಲ್ಲಿರಬಹುದು ಎಂದು 2009ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಸಭೆಯಲ್ಲಿ, ಜಾಲವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್ ಒಪ್ಪಿತು. ಮರುವರ್ಷ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ, ಯುಎಇಗಳ ಅರಬ್ಬಿ ವಿಳಾಸಗಳು ಮೊದಲು ಬಂದವು, ಬೆನ್ನಿಗೇ ರಷ್ಯಾ. ನಾಗರಿ ಲಿಪಿಯ ‘.ಭಾರತ’ ಬಳಕೆಗೆ ತೆರೆದಿದ್ದು 2014ರ ಆಗಸ್ಟ್‌ನಲ್ಲಿ. ಆಮೇಲೆ ಕನ್ನಡವೂ ಸೇರಿತು. ಇಂದು ವಿಳಾಸದ ಕೊನೆಗೆ ಬರುವ ಭಾರತದ ಇಂಥ 15 ಹೆಸರುಗಳಿದ್ದು, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಒದಗುತ್ತವೆ. ಇಷ್ಟೊಂದು ಲಿಪಿಗಳಲ್ಲಿ ತನ್ನ ಹೆಸರು ಬರೆಸಿಕೊಂಡ ದೇಶ ನಮ್ಮದು ಎಂಬುದು ನನಗೆ ನಿಜಕ್ಕೂ ಹೆಮ್ಮೆ.

ಹಾಗಿದ್ದರೆ ಅಡ್ಡಿ ಏನು? ಒಂದು ಆನ್‌ಲೈನ್ ಅರ್ಜಿಯ ಉದಾಹರಣೆ ಕೊಡುತ್ತೇನೆ. ನಮ್ಮ ಕಡೆಯ ಒಂದು ಸಂಘ ಕನ್ನಡದಲ್ಲೇ ವಿಳಾಸ, ಕನ್ನಡದಲ್ಲೇ ಇಮೇಲ್ ಮಾಡಿಸಿಕೊಂಡಿತು. ಅರ್ಜಿಯಲ್ಲಿ ಸಂಘದ ಹೆಸರು ಕನ್ನಡದಲ್ಲಿ ಹಾಕಿದರೆ ತಕರಾರಿಲ್ಲ, ಊರು, ತಾಲ್ಲೂಕು ಹಾಕಿದರೂ ತಕರಾರಿಲ್ಲ. ಇಮೇಲ್ ಖಾನೆಗೆ ಬಂದಾಗ ಕೆಂಪು ಅಕ್ಷರದಲ್ಲಿ ‘ದಯವಿಟ್ಟು ಸರಿಯಾದ ಇಮೇಲ್ ವಿಳಾಸ ನಮೂದಿಸಿ’ ಎಂದು ಬಂತು. ಆ ಸೂಚನೆಯೂ ಕನ್ನಡದಲ್ಲೇ ಇತ್ತು! ವಿಳಾಸ ಸರಿಯಾಗಿಯೇ ಇತ್ತು, ಅದಕ್ಕೆ ಕಳಿಸಿದ ಪತ್ರಗಳು ತಲುಪುತ್ತಲೂ ಇದ್ದವು. ಇಮೇಲ್ ಎಂದರೆ ‘ಎ’ಯಿಂದ ‘ಝಡ್’ವರೆಗಿನ ಅಕ್ಷರ ಮಾತ್ರ ಎಂದು ಯಾರೋ ಎಂದೋ ಬರೆದ ಒಂದು ಸಾಲು ಕೋಡ್ ಅಲ್ಲಿ ಹಾಗೇ ಕುಳಿತಿದೆ. ಸಂಘದ ಕಾರ್ಯದರ್ಶಿಯವರು ಕೊನೆಗೆ ಮಗನ ಇಂಗ್ಲಿಷ್ ಇಮೇಲ್ ಕೊಟ್ಟು ಅರ್ಜಿ ಮುಗಿಸಿದರು. ಎಲ್ಲ ಲಿಪಿಯ ಇಮೇಲ್‌ಗೆ ಬೇಕಾದ ಮಾನದಂಡಗಳು 2012ರಲ್ಲೇ ಪ್ರಕಟವಾಗಿವೆ. ಜಿಮೇಲ್ 2014ರಿಂದ ಇಂಥ ವಿಳಾಸಗಳೊಂದಿಗೆ ಪತ್ರ ವ್ಯವಹಾರಕ್ಕೆ ಅನುವು ಮಾಡಿದೆ. ನಮ್ಮ ಅರ್ಜಿ ನಮೂನೆಗಳಿಗೆ ಇನ್ನೆಷ್ಟು ಕಾಲ ಬೇಕು?

ಇನ್ನೊಂದು ತೊಂದರೆ ಸಣ್ಣದಾಗಿ ಕಂಡರೂ ಜನ ಹಿಂಜರಿಯುವುದು ಅದರಿಂದಲೇ. ಬ್ರೌಸರಿನ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಎಷ್ಟೋ ಸಲ ಕನ್ನಡ ಹೋಗಿ ಆ ‘ಎಕ್ಸ್‌ಎನ್’ ಸರಣಿಯೇ ಬೀಳುತ್ತದೆ. ನೋಡಿದವರು ಇದೇನೋ ವಂಚಕರ ಕೊಂಡಿ ಎಂದು ಮುಟ್ಟುವುದೇ ಇಲ್ಲ. ಅವರದು ತಪ್ಪೆನ್ನಲಾರೆ.

ವಂಚನೆಯ ಭಯ ಬರೀ ಕಲ್ಪನೆಯೂ ಅಲ್ಲ. 2017ರಲ್ಲಿ ಸಂಶೋಧಕರೊಬ್ಬರು ಆ್ಯಪಲ್ ಕಂಪನಿಯ ಹೆಸರನ್ನು ರಷ್ಯನ್ ಭಾಷೆಯ ಸಿರಿಲಿಕ್ ಲಿಪಿಯ ಅಕ್ಷರಗಳಲ್ಲೇ ಜೋಡಿಸಿ, ಕಣ್ಣಿಗೆ ವ್ಯತ್ಯಾಸವೇ ತಿಳಿಯದಂಥ ವಿಳಾಸ ತೋರಿಸಿದ್ದರು. ನಮಗೆ ಹತ್ತಿರದ ಉದಾಹರಣೆ ತೆಲುಗು. ಎರಡೂ ಲಿಪಿಯ ‘ಜ’, ‘ರ’, ‘ಲ’ಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಫೋನಿನ ಸಣ್ಣ ಪರದೆಯಲ್ಲಿ ಬೇರೆ ಮಾಡುವುದು ಕಷ್ಟ. ಆದರೆ ಇದಕ್ಕೆ ಮದ್ದೂ ಸಿದ್ಧವಿದೆ. ಲಿಪಿ ಬೆರಕೆಯ ಅನುಮಾನ ಬಂದರೆ ಬ್ರೌಸರ್‌ಗಳು ವಿಳಾಸವನ್ನು ‘ಎಕ್ಸ್‌ಎನ್’ ರೂಪದಲ್ಲೇ ತೋರಿಸಿ ಎಚ್ಚರಿಸುತ್ತವೆ. ಕನ್ನಡ, ತೆಲುಗು ಸೇರಿ ಬ್ರಾಹ್ಮಿ ಮೂಲದ ನಮ್ಮ ಲಿಪಿಗಳಿಗೆ ತಜ್ಞರ ತಂಡವೇ ಕೂತು, ಯಾವ ಅಕ್ಷರಕ್ಕೆ ಯಾವುದು ತದ್ರೂಪಿ ಎಂಬ ನಿಯಮಗಳನ್ನು ಐಕಾನ್‌ಗೆ ಮಾಡಿಕೊಟ್ಟಿದೆ. ಭದ್ರತೆಯ ಹೆಸರು ಹೇಳಿ ಭಾಷೆಯನ್ನು ಹೊರಗಿಡುವುದಕ್ಕೆ ಈಗ ಕಾರಣವಿಲ್ಲ.

ಬಳಸಿದಷ್ಟೂ ನಿಯಮಗಳು ತಿದ್ದಿಕೊಳ್ಳುತ್ತವೆ. ಜರ್ಮನ್‌ನಲ್ಲಿ ‘ಎಸ್‌ಎಸ್’ ಬದಲು ಬರೆಯುವ ಒಂದು ವಿಶಿಷ್ಟ ಅಕ್ಷರವಿದೆ. 2003ರ ನಿಯಮ ಅದನ್ನು ಅಳಿಸಿ ಎರಡು ‘ಎಸ್’ ಹಾಕಿಬಿಡುತ್ತಿತ್ತು. 2010ರ ಪರಿಷ್ಕೃತ ನಿಯಮ ಅದನ್ನು ಸ್ವತಂತ್ರ ಅಕ್ಷರವೆಂದು ಒಪ್ಪಿತು, ಅದೇ ವರ್ಷದ ನವೆಂಬರಿನಲ್ಲಿ ಜರ್ಮನಿ ನೋಂದಣಿಯನ್ನೂ ತೆರೆಯಿತು. ಆ ಪರಿಷ್ಕರಣೆಯಿಂದ ನಮಗೂ ಲಾಭವಾಗಿದೆ. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಬೇಕು, ಇಲ್ಲದಿದ್ದರೆ ಅದು ‘ರಾಜ್ಕುಮಾರ್’ ಆಗಿ ಒತ್ತಕ್ಷರಕ್ಕೆ ಇಳಿಯುತ್ತದೆ. ಹಳೆಯ ನಿಯಮ ಆ ಸಂಕೇತವನ್ನು ಕಿತ್ತುಹಾಕುತ್ತಿತ್ತು, ಹೊಸದು ಅರ್ಧಾಕ್ಷರದ ನಂತರ ಬಂದರೆ ಉಳಿಸಿಕೊಳ್ಳಲು ಅವಕಾಶ ಕೊಡುತ್ತದೆ. ಇಂಥ ಸೂಕ್ಷ್ಮಗಳನ್ನು ಕೇಳಿ ಪಡೆಯಬೇಕಾದವರು ದಿನನಿತ್ಯ ಬಳಸುವವರು. ನಮ್ಮಲ್ಲಿ ಬಳಸುವವರೇ ಕಡಿಮೆಯಾದರೆ ಕೇಳುವವರು ಯಾರು?

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದ ರಾಜ್ಯ ನಮ್ಮದು. ಅದೇ ಅಂಗಡಿಯವರು ಅಂತರಜಾಲದಲ್ಲಿ ಶೇ 100ರಷ್ಟು ಕನ್ನಡದ ಫಲಕ ಹಾಕಿಕೊಂಡು ಬಂದರೆ, ಅದನ್ನು ತಿರಸ್ಕರಿಸದಂತೆ ನೋಡಿಕೊಳ್ಳುವ ಹೊಣೆಯೂ ಸರ್ಕಾರದ್ದೇ. ತಂತ್ರಾಂಶ ಖರೀದಿಯ ಟೆಂಡರ್‌ಗಳಲ್ಲಿ ‘ಕನ್ನಡದ ಜಾಲವಿಳಾಸ, ಕನ್ನಡದ ಇಮೇಲ್ ಎರಡನ್ನೂ ಸ್ವೀಕರಿಸಬೇಕು’ ಎಂಬ ಷರತ್ತು ಸೇರಿಸುವುದು ದೊಡ್ಡ ಖರ್ಚಿನ ಮಾತಲ್ಲ. ಜಿಲ್ಲಾಡಳಿತಗಳ, ವಿಶ್ವವಿದ್ಯಾಲಯಗಳ ತಾಣಗಳಿಗೆ ಈಗಿರುವ ವಿಳಾಸದ ಜೊತೆಗೇ ಕನ್ನಡದ್ದೊಂದನ್ನು ಕೊಟ್ಟು ಎರಡೂ ಒಂದೇ ಕಡೆ ತೆರೆಯುವಂತೆ ಮಾಡಬಹುದು, ಗೊತ್ತಿರುವವರಿಗೆ ಅದು ಅರ್ಧ ದಿನದ ಕೆಲಸ. ಬ್ಯಾಂಕುಗಳು, ಖಾಸಗಿ ಕಂಪನಿಗಳು ಆಮೇಲೆ ಬರಲಿ, ಮೊದಲು ಸರ್ಕಾರ ಮಾಡಿ ತೋರಿಸಲಿ.

ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ನನ್ನದೊಂದು ನೇರ ಮನವಿ. ಸೇವಾ ಸಿಂಧುವಿನಿಂದ ಹಿಡಿದು ಪ್ರತಿ ಇಲಾಖೆಯ ಆನ್‌ಲೈನ್ ಅರ್ಜಿಯಲ್ಲಿ ಒಂದು ಕನ್ನಡ ಇಮೇಲ್, ಒಂದು ‘.ಭಾರತ’ ವಿಳಾಸ ತುಂಬಿಸಿ ನೋಡಲಿ. ಯಾವ ಇಲಾಖೆಯದು ಒಪ್ಪಿತು, ಯಾವುದು ಒಪ್ಪಲಿಲ್ಲ ಎಂಬುದನ್ನು ಬರುವ ರಾಜ್ಯೋತ್ಸವದೊಳಗೆ ಪಟ್ಟಿ ಮಾಡಿ ಪ್ರಕಟಿಸಲಿ.

ಇಂತಿ,
ಜಾಲತಾಣ ರೂಪಿಸುವ ಓದುಗ
ಸಾಗರ, ಶಿವಮೊಗ್ಗ ಜಿಲ್ಲೆ